ಮೂಗು ಅಳೆದವರ ಶಾಸ್ತ್ರವನ್ನು ಕೇರಿಯ ಮಕ್ಕಳಿಗೆ ಕಲಿಸುವುದು ಹೇಗೆ?

1871ನೇ ಇಸವಿಯಲ್ಲಿ ಎರಡು ಸಂಗತಿ ನಡೆದವು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಟೈಲರ್ ಎಂಬಾತ 'ಪ್ರಿಮಿಟಿವ್ ಕಲ್ಚರ್' ಎಂಬ ಗ್ರಂಥ ತಂದ. ಜ್ಞಾನ, ನಂಬಿಕೆ, ಕಲೆ, ನೀತಿ, ಕಾನೂನು, ರೂಢಿ ಎಲ್ಲವೂ ಸೇರಿದ ಇಡಿಯೇ ಸಂಸ್ಕೃತಿ ಎಂದು ಅದರಲ್ಲಿ ಹೇಳಿದ. ಅದೇ ವರ್ಷ ಅದೇ ಇಂಗ್ಲೆಂಡಿನ ಸರ್ಕಾರ ಇಂಡಿಯಾದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಜಾರಿಗೆ ತಂದಿತು. ಕೆಲವು ಕುಲದವರು ಹುಟ್ಟಿನಿಂದಲೇ ಕಳ್ಳರು, ಅವರ ಹೆಸರು ಪೊಲೀಸ್ ದಫ್ತರದಲ್ಲಿ ಇರಬೇಕು, ಊರು ಬಿಡುವ ಮುಂಚೆ ಪರವಾನಗಿ ಪಡೆಯಬೇಕು ಎಂದು ಆ ಕಾನೂನು ಹೇಳಿತು.

ಮೊದಲನೆಯದನ್ನು ನಮ್ಮ ಬಿ.ಎ. ಹುಡುಗರು ಬಾಯಿಪಾಠ ಮಾಡುತ್ತಾರೆ. 'ಸಂಸ್ಕೃತಿ ಎಂದರೇನು? ಟೈಲರನ ವ್ಯಾಖ್ಯೆ ಬರೆಯಿರಿ.' ಐದು ಅಂಕ. ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಯಾರ ತಾತ ಠಾಣೆಗೆ ಹೋಗಿ ಹಾಜರಿ ಹಾಕಿ ಬರುತ್ತಿದ್ದನೋ ಆ ಹುಡುಗ ಹಿಂದಿನ ಬೆಂಚಿನಲ್ಲಿ ಕೂತಿದ್ದರೂ ಹೇಳುವುದಿಲ್ಲ. ಆ ಕಾನೂನು 1952ರಲ್ಲಿ ಪಟ್ಟಿಯಿಂದ ಹೋಯಿತು ನಿಜ. ಆದರೆ ಹುಟ್ಟು ನೋಡಿ ಮನುಷ್ಯನ ಗುಣ ತೀರ್ಮಾನಿಸುವ ಬುದ್ಧಿ ಹೋಗಿತ್ತೆ? ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕಸಬರಿಗೆ ಕೊಡುವ, ಜಾತಿ ನೋಡಿ ಅಡಿಗೆಗೆ ಹಚ್ಚುವ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2024ರ ಅಕ್ಟೋಬರಿನಲ್ಲಿ. ಸ್ವಾತಂತ್ರ್ಯ ಬಂದು 77 ವರ್ಷ ಆದ ಮೇಲೆ!

ಆದ್ದರಿಂದ ಗೆಳೆಯರೇ, ಸಾಂಸ್ಕೃತಿಕ ಮಾನವಶಾಸ್ತ್ರದ ಮೊದಲನೇ ಪಾಠ ಯಾವುದು ಅನ್ನುವುದು ಮೇಷ್ಟ್ರುಗಳ ಖಾಸಗಿ ವಿಚಾರ ಅಲ್ಲ. ನಮ್ಮ ನಾಡಿನಲ್ಲಿ ಧಾರವಾಡ, ಮೈಸೂರಿನಂಥ ಕೆಲವೇ ಕಡೆ ಮಾನವಶಾಸ್ತ್ರಕ್ಕೆ ತನ್ನದೇ ವಿಭಾಗ ಇದೆ. ಉಳಿದ ಕಾಲೇಜುಗಳಲ್ಲಿ ಈ ಶಾಸ್ತ್ರ ಸಮಾಜಶಾಸ್ತ್ರದ ವೇಷದಲ್ಲಿ, ಜಾನಪದದ ವೇಷದಲ್ಲಿ ಬರುತ್ತದೆ. ಬಂದು ನಮ್ಮ ಮಕ್ಕಳಿಗೆ ಅವರ ಅವ್ವ ಅಪ್ಪ ಯಾರು ಎಂದು ಹೇಳಿಕೊಡುತ್ತದೆ. ಅದು ಏನು ಹೇಳಿಕೊಡುತ್ತದೆ, ಯಾರ ಬಾಯಿಂದ ಹೇಳಿಕೊಡುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಶಾಸ್ತ್ರ ನಮ್ಮ ಹತ್ತಿರ ಬಂದಾಗ ಕೈಯಲ್ಲಿ ಅಳತೆಗೋಲು ಹಿಡಿದುಕೊಂಡು ಬಂತು. 1901ರ ಜನಗಣತಿಯ ದೊರೆ ಹರ್ಬರ್ಟ್ ರಿಸ್ಲೆ ಜನರ ಮೂಗು ಅಳೆಸಿದ. ಮೂಗಿನ ಅಗಲವನ್ನು ಉದ್ದದ ಜೊತೆ ಲೆಕ್ಕ ಹಾಕಿ ನಾಸಿಕ ಸೂಚ್ಯಂಕ ಎಂದು ಕರೆದ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ, ಮೂಗು ನೀಳವಾದಷ್ಟೂ ಜಾತಿ ಮೇಲೆ ಎಂದು ಸಿದ್ಧಾಂತ ಮಾಡಿದ. ಮದ್ರಾಸಿನ ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ದಕ್ಷಿಣದ ಜನರನ್ನು ಹೀಗೇ ಅಳೆದು, 1909ರಲ್ಲಿ ಏಳು ಸಂಪುಟ ಹೊರಡಿಸಿದ. ಚಿಟ್ಟೆ, ಚಿಪ್ಪು, ಕಪ್ಪೆ ಜೋಡಿಸುವ ಜಾಗದಲ್ಲಿ ಮನುಷ್ಯರನ್ನೂ ಜೋಡಿಸಿದರು. ಅಳೆಸಿಕೊಂಡವರ ಹೆಸರು ಎಷ್ಟು ಜನಕ್ಕೆ ಗೊತ್ತು? ಅಳೆದವರ ಹೆಸರು ಮಾತ್ರ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆ.

ಆ ಅಳತೆಯನ್ನು ಎತ್ತಿಕೊಂಡು ಅಳೆದವರ ಮುಖಕ್ಕೇ ಹಿಡಿದವರು ಬಾಬಾಸಾಹೇಬರು. 1948ರ 'ಅನ್‌ಟಚಬಲ್ಸ್' ಗ್ರಂಥದಲ್ಲಿ ಅವರು ಇದೇ ಮೂಗಿನ ಲೆಕ್ಕಗಳನ್ನು ಮುಂದಿಟ್ಟರು. ನಿಮ್ಮ ಅಂಕಿಅಂಶವನ್ನೇ ನಂಬುವುದಾದರೆ ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗ ಅಲ್ಲ, ಅಸ್ಪೃಶ್ಯತೆಗೆ ರಕ್ತ ಕಾರಣವೇ ಅಲ್ಲ ಎಂದು ತೋರಿಸಿದರು. ಇದು ಪಾಠ ಸ್ವಾಮಿ! ಮೊದಲ ವರ್ಷದ ಹುಡುಗಿಗೂ ಅರ್ಥವಾಗುವ ಪಾಠ. ಲೆಕ್ಕ ಒಂದೇ, ಓದುವ ಕಣ್ಣು ಬೇರೆ. ಇದನ್ನು ಯಾಕೆ ಹೇಳಿಕೊಡುವುದಿಲ್ಲ?

ಇನ್ನೂ ಹಿಂದಕ್ಕೆ ಹೋಗೋಣ. 1916ರ ಮೇ 9ನೇ ತಾರೀಕು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಫ್ರಾಂಜ್ ಬೋಅಸ್‌ನ ಶಿಷ್ಯನಾದ ಗೋಲ್ಡನ್‌ವೈಸರ್ ಎಂಬ ಪ್ರಾಧ್ಯಾಪಕನ ಮಾನವಶಾಸ್ತ್ರದ ಸೆಮಿನಾರಿನಲ್ಲಿ 25 ವರ್ಷದ ಒಬ್ಬ ಮಹಾರ್ ತರುಣ ಎದ್ದು ನಿಂತು ಪ್ರಬಂಧ ಓದಿದ. 'ಇಂಡಿಯಾದಲ್ಲಿ ಜಾತಿಗಳು: ಅವುಗಳ ಯಂತ್ರ, ಹುಟ್ಟು ಮತ್ತು ಬೆಳವಣಿಗೆ.' ಓದಿದವನ ಹೆಸರು ಭೀಮರಾವ್ ಅಂಬೇಡ್ಕರ್. ಬಾಬಾಸಾಹೇಬರು ಸಂವಿಧಾನ ಬರೆದರು ಅಂತ ಎಲ್ಲರಿಗೂ ಗೊತ್ತು. ಅವರು ಮಾನವಶಾಸ್ತ್ರದ ತರಗತಿಯಲ್ಲಿ ಕೂತು, ಮಾನವಶಾಸ್ತ್ರದ ಭಾಷೆಯಲ್ಲೇ ಜಾತಿಯ ಕೀಲು ಬಿಚ್ಚಿದ ವಿದ್ಯಾರ್ಥಿ ಅಂತ ಎಷ್ಟು ಜನಕ್ಕೆ ಗೊತ್ತು? ಮಾನವಶಾಸ್ತ್ರದ ಮೇಷ್ಟ್ರುಗಳಲ್ಲೇ ಎಷ್ಟು ಜನ ಆ ಪ್ರಬಂಧವನ್ನು ಮೊದಲನೇ ವಾರ ಓದಿಸುತ್ತಾರೆ?

ಆ ಪ್ರಬಂಧದ ಮಾತು ಸರಳ. ಜಾತಿಯ ತಿರುಳು ಮೈಲಿಗೆ ಅಲ್ಲ, ಕಸುಬು ಅಲ್ಲ. ಒಳಗೊಳಗೇ ಮದುವೆ ಆಗುವುದು ಜಾತಿಯ ತಿರುಳು. ಒಂದು ಗುಂಪು ತನ್ನೊಳಗೇ ಮದುವೆ ಮಾಡಿಕೊಳ್ಳಬೇಕಾದರೆ ಗಂಡು ಹೆಣ್ಣಿನ ಲೆಕ್ಕ ಸರಿಹೋಗಬೇಕು. ಗಂಡ ಸತ್ತರೆ ಹೆಂಡತಿ ಲೆಕ್ಕಕ್ಕೆ ಹೆಚ್ಚಾದಳು. ಅವಳನ್ನು ಏನು ಮಾಡುವುದು? ಗಂಡನ ಚಿತೆಗೆ ಹಾಕು, ಇಲ್ಲವೇ ತಲೆ ಬೋಳಿಸಿ ಮೂಲೆಗೆ ಕೂರಿಸು. ಹೆಂಡತಿ ಸತ್ತ ಗಂಡಸಿಗೆ ಇನ್ನೂ ಮದುವೆ ವಯಸ್ಸಿಗೆ ಬಾರದ ಕೂಸನ್ನು ಕಟ್ಟು. ಸತಿ, ವಿಧವೆಯ ಗೋಳು, ಬಾಲ್ಯವಿವಾಹ ಮೂರೂ ಜಾತಿಯ ಬೇಲಿ ಕಾಯಲು ಹುಟ್ಟಿದ ಉಪಾಯಗಳು. ಮೊದಲು ಬ್ರಾಹ್ಮಣರು ಬಾಗಿಲು ಮುಚ್ಚಿಕೊಂಡರು. ಮಿಕ್ಕವರಲ್ಲಿ ಕೆಲವರು ಅವರನ್ನು ನೋಡಿ ತಾವೂ ಮುಚ್ಚಿಕೊಂಡರು, ಕೆಲವರು ಹೊರಗೆ ಉಳಿದರು.

ಈಗ ಗಮನಿಸಿ. ಮೇಲಿನವರನ್ನು ನೋಡಿ ಕೆಳಗಿನವರು ಅನುಕರಿಸುತ್ತಾರೆ ಅನ್ನುವ ಮಾತಿಗೆ ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಮೇಲಿನ ಗ್ರಂಥದಲ್ಲಿ ಸಂಸ್ಕೃತೀಕರಣ ಎಂಬ ಹೆಸರು ಕೊಟ್ಟರು. ಲೋಕವಿಖ್ಯಾತರಾದರು. ಅವರು ದೊಡ್ಡ ವಿದ್ವಾಂಸರು, ಅದರಲ್ಲಿ ಜಗಳ ಇಲ್ಲ. ಆದರೆ ಅನುಕರಣೆಯ ಮಾತನ್ನು ಅಂಬೇಡ್ಕರ್ 36 ವರ್ಷ ಮುಂಚೆ ಹೇಳಿದ್ದರು. ಬರೀ ಅನುಕರಣೆ ಅಂತ ಹೇಳಿ ಸುಮ್ಮನಾಗಲಿಲ್ಲ. ಅನುಕರಣೆಯ ಬೆಲೆಯನ್ನು ಯಾವ ಹೆಣ್ಣು ಕೊಟ್ಟಳು ಎಂದೂ ಹೇಳಿದ್ದರು. ನಮ್ಮ ಪಠ್ಯಗಳಲ್ಲಿ ಸಂಸ್ಕೃತೀಕರಣಕ್ಕೆ ಒಂದು ಅಧ್ಯಾಯ ಇದೆ. 1916ರ ಪ್ರಬಂಧಕ್ಕೆ, ಪುಣ್ಯವಿದ್ದರೆ, ಒಂದು ಸಾಲು.

ಸಂಸ್ಕೃತೀಕರಣವನ್ನು ಏಣಿ ಅಂತ ಕಲಿಸುತ್ತಾರೆ. ಬಾಡು ಬಿಡು, ಹೆಂಡ ಬಿಡು, ಜನಿವಾರ ಹಾಕು, ಒಂದೆರಡು ತಲೆಮಾರಿಗೆ ಮೇಲೆ ಹೋಗುತ್ತೀಯೆ. ಹೌದೆ? ನಮ್ಮ ಕೇರಿಯಲ್ಲಿ ದನದ ಬಾಡು ಬಿಟ್ಟವರು ಇದ್ದಾರೆ. ಹೆಂಡ ಮುಟ್ಟದವರಿದ್ದಾರೆ. ಭಜನೆ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡವರಿದ್ದಾರೆ. ಊರ ಬಾವಿ ತೆರೆಯಿತೆ? ಅಸ್ಪೃಶ್ಯರು ಎಷ್ಟೇ ಸಂಸ್ಕೃತೀಕರಣಗೊಂಡರೂ ಅಸ್ಪೃಶ್ಯತೆಯ ಗೋಡೆ ದಾಟಲಾರರು ಎಂದು ಶ್ರೀನಿವಾಸರೇ ಒಪ್ಪಿದ್ದಾರೆ. ಆದರೆ ಗೈಡಿನಲ್ಲಿ ಆ ಮಾತು ಬಿಟ್ಟುಹೋಗುತ್ತದೆ. ಏಣಿ ಉಳಿಯುತ್ತದೆ, ಗೋಡೆ ಬಿಟ್ಟುಹೋಗುತ್ತದೆ.

ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಕ್ಷೇತ್ರಕಾರ್ಯ ಮಾಡಿದರು. ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ನೆಚ್ಚಿ 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಬರೆದರು. ಓದಬೇಕಾದ ಪುಸ್ತಕ. ಓದುವಾಗ ಒಂದನ್ನು ಮರೆಯಬೇಡಿ. ಅವರು ಉಳಿದುಕೊಂಡದ್ದು ಊರ ಪಟೇಲರಿಗೆ ಸೇರಿದ ಮನೆಯಲ್ಲಿ. ಊರು ಅವರನ್ನು ಕಂಡದ್ದು ಬ್ರಾಹ್ಮಣರಾಗಿ. ತಮ್ಮದು ಮೇಲ್ಜಾತಿಯ ಕಡೆಯಿಂದ ಕಂಡ ಊರು, ಹರಿಜನರ ಕೇರಿಯ ಒಡನಾಟ ತಮಗೆ ಸಾಲದಾಯಿತು ಎಂದು ಅವರೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದಾರೆ. ಪಟೇಲರ ಜಗಲಿಯಿಂದ ಕಂಡ ಊರೇ ಬೇರೆ, ಚಾವಡಿಯ ಕೆಳಗೆ ಕೈಕಟ್ಟಿ ನಿಂತವನು ಕಂಡ ಊರೇ ಬೇರೆ. ಆ ಸೀಮೆಯಲ್ಲಿ ಒಕ್ಕಲಿಗ ಯಜಮಾನನಿಗೆ ವಂಶಪಾರಂಪರ್ಯವಾಗಿ ದುಡಿಯುವ ಹೊಲೆಯನಿಗೆ ಹಳೇಮಗ ಎಂಬ ಹೆಸರು. ಶಾಸ್ತ್ರದಲ್ಲಿ ಇದಕ್ಕೆ ಪೋಷಕ-ಆಶ್ರಿತ ಸಂಬಂಧ ಅನ್ನುತ್ತಾರೆ. ಎಷ್ಟು ತಂಪಾದ ಮಾತು! ಹಳೇಮಗನಿಗೆ ಮಗ ಅನ್ನುವ ಹೆಸರುಂಟು, ಮಗನ ಪಾಲು ಮಾತ್ರ ಇಲ್ಲ. ಯಾವ ಯಜಮಾನ ತನ್ನ ಹಳೇಮಗನಿಗೆ ಗದ್ದೆ ಬರೆದುಕೊಟ್ಟ, ಹೇಳಿ ನೋಡೋಣ.

ಹೊರಗಿನಿಂದ ಬಂದವರಲ್ಲೂ ಎರಡು ಬಗೆ. ಫ್ರಾನ್ಸಿನ ಲೂಯಿ ಡ್ಯುಮಾಂಟ್ 1966ರಲ್ಲಿ ದೊಡ್ಡ ಗ್ರಂಥ ಬರೆದು ಶುದ್ಧ-ಅಶುದ್ಧ ಎಂಬ ಮೌಲ್ಯದ ಮೇಲೆ ಜಾತಿ ನಿಂತಿದೆ, ಇಡೀ ಸಮಾಜ ಆ ಮೌಲ್ಯ ಹಂಚಿಕೊಂಡಿದೆ ಎಂದ. ಎರಡೇ ವರ್ಷ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಜಿಲ್ಲೆಯ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳಿದ್ದ ದಲಿತ ಕೂಲಿಕಾರರ 44 ಜನರನ್ನು ಜಮೀನ್ದಾರರು ಗುಡಿಸಲಲ್ಲಿ ಕೂಡಿ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಎಲ್ಲರೂ ಒಪ್ಪಿಕೊಂಡ ಮೌಲ್ಯ ಇದ್ದಿದ್ದರೆ ಬೆಂಕಿ ಯಾಕೆ ಬೇಕಾಯಿತು? ಹೀಗಿದ್ದೂ 1979ರಲ್ಲಿ ಮೈಕೆಲ್ ಮೊಫಾಟ್ ಎಂಬಾತ ತಮಿಳುನಾಡಿನ ಅಸ್ಪೃಶ್ಯರು ಮೇಲಿನವರ ಮೌಲ್ಯವನ್ನೇ ತಮ್ಮೊಳಗೆ ಮರಳಿ ಕಟ್ಟಿಕೊಂಡಿದ್ದಾರೆ, ಅವರಲ್ಲೂ ಸಮ್ಮತಿ ಇದೆ ಎಂದು ಬರೆದ.

ಇನ್ನೊಂದು ಬಗೆಯವರೂ ಇದ್ದಾರೆ. ಅದೇ ತಂಜಾವೂರಿನಲ್ಲಿ 1950ರ ದಶಕದ ಆರಂಭದಲ್ಲಿ ಕ್ಷೇತ್ರಕಾರ್ಯ ಮಾಡಿದ ಕ್ಯಾಥ್ಲೀನ್ ಗಫ್ ಜಮೀನು, ಕೂಲಿ, ವರ್ಗದ ಲೆಕ್ಕ ಬರೆದಿಟ್ಟಳು. 1968ರಲ್ಲಿ ತನ್ನದೇ ಶಾಸ್ತ್ರವನ್ನು ಸಾಮ್ರಾಜ್ಯಶಾಹಿಯ ಕೂಸು ಎಂದು ಕರೆಯುವ ಎದೆ ತೋರಿಸಿದಳು. ಜೋನ್ ಮೆಂಚರ್ 1974ರಲ್ಲಿ ಜಾತಿಯನ್ನು ತಲೆಕೆಳಗು ಮಾಡಿ, ಪರೈಯರ ಕಡೆಯಿಂದ ನೋಡಿದಳು. ಕೆಳಗಿನಿಂದ ನೋಡಿದರೆ ಜಾತಿ ಕಾಣುವುದು ಮೌಲ್ಯವಾಗಿ ಅಲ್ಲ, ಸುಲಿಗೆಯ ವ್ಯವಸ್ಥೆಯಾಗಿ ಎಂದಳು. ಡ್ಯುಮಾಂಟ್ ಹೆಸರು ಹೇಳುವ ಮೇಷ್ಟ್ರು ಅದೇ ಉಸಿರಿನಲ್ಲಿ ಮೆಂಚರ್ ಹೆಸರನ್ನೂ ಹೇಳಲಿ. ಹೇಳಿ, 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟದ್ದನ್ನೂ, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದದ್ದನ್ನೂ ಹೇಳಲಿ. ಸಮ್ಮತಿ ಎಲ್ಲಿದೆ, ಭಯ ಎಲ್ಲಿದೆ ಎಂದು ಹುಡುಗರೇ ತೀರ್ಮಾನಿಸಲಿ.

ಈಗ ಕಷ್ಟದ ಪಾಠಕ್ಕೆ ಬರೋಣ. ಸಾಂಸ್ಕೃತಿಕ ಸಾಪೇಕ್ಷತಾವಾದ. ಯಾವ ಸಂಸ್ಕೃತಿಯನ್ನೂ ಅದರ ಒಳಗಿನಿಂದ ಅರಿಯಬೇಕು, ನಮ್ಮ ಗಜಕಡ್ಡಿಯಿಂದ ಅಳೆಯಬಾರದು ಎಂಬ ಮಾತು. ಈ ಮಾತನ್ನು ಬೆಳೆಸಿದ ಬೋಅಸ್ ಯೆಹೂದಿ ಮನೆತನದವನು. ಜನಾಂಗದ ಹೆಸರಲ್ಲಿ ಮನುಷ್ಯರನ್ನು ಮೇಲು ಕೀಳು ಮಾಡುವ ಹುಸಿ ವಿಜ್ಞಾನದ ವಿರುದ್ಧ ಜೀವಮಾನ ಹೊಡೆದಾಡಿದವನು. ನಾಜಿಗಳು ಅವನ ಪುಸ್ತಕ ಸುಟ್ಟರು. ಅಂದರೆ ಈ ವಾದ ಹುಟ್ಟಿದ್ದು ಕೆಳಗಿನವರ ಪರವಾಗಿ. ಆದರೆ ನಮ್ಮಲ್ಲಿ ಅದನ್ನು ಬಳಸುವವರು ಯಾರು? ಪಟ್ಟಭದ್ರರು. 'ಅದು ಅವರ ಸಂಸ್ಕೃತಿ ಕಣ್ರೀ, ನೀವ್ಯಾರು ಕೇಳೋಕೆ?'

1986ರ ಮಾರ್ಚಿನಲ್ಲಿ ಚಂದ್ರಗುತ್ತಿಯಲ್ಲಿ ಏನಾಯಿತು ಎಂದು ಈಗಿನ ವಿದ್ಯಾರ್ಥಿಗಳಿಗೆ ಹೇಳಿ. ರೇಣುಕಾಂಬೆಗೆ ಹರಕೆ ಹೊತ್ತು ವರದಾ ನದಿಯಲ್ಲಿ ಮಿಂದು ಬೆತ್ತಲೆ ಬೆಟ್ಟ ಹತ್ತುವವರಲ್ಲಿ ಬಹಳ ಮಂದಿ ಬಡವರು, ಕೆಳಜಾತಿಯವರು. ದಲಿತ ಸಂಘರ್ಷ ಸಮಿತಿಯವರು, ಇತರ ಪ್ರಗತಿಪರರು ಇದು ಬೇಡ ಎಂದು ತಡೆಯಲು ಹೋದರು. ಹೋದವರನ್ನೂ ಪೊಲೀಸರನ್ನೂ ಜನ ಹಿಡಿದು ಹೊಡೆದು ಬೆತ್ತಲೆ ಮಾಡಿದರು. ಹೆಣ್ಣು ಪೊಲೀಸರನ್ನೂ ಬಿಡಲಿಲ್ಲ. ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆಮೇಲೆ ಯು.ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂದು ಕೇಳಿ ಬರೆದರು. ಆ ಪ್ರಶ್ನೆ ಕೇಳಬಾರದ್ದೇನಲ್ಲ. ಹರಕೆ ಹೊತ್ತ ಹೆಣ್ಣಿನ ಭಕ್ತಿಯನ್ನು ಪೇಟೆಯ ವಿಚಾರವಾದಿ ತನ್ನ ನಾಚಿಕೆಯಿಂದ ಅಳೆಯಬಹುದೆ ಎಂಬುದು ತರಗತಿಯಲ್ಲಿ ಚರ್ಚೆಯಾಗಲೇಬೇಕು. ಆದರೆ ಅದರ ಪಕ್ಕದಲ್ಲಿ ನಮ್ಮ ಪ್ರಶ್ನೆಯೂ ಇರಲಿ. ಬೆತ್ತಲೆಯ ಹರಕೆ ಯಾರ ಪಾಲಿಗೆ ಬಂತು, ಮಡಿಸೀರೆಯ ಹರಕೆ ಯಾರ ಪಾಲಿಗೆ ಬಂತು? ಮಗು ಬದುಕಿದರೆ ಬೆತ್ತಲೆ ಬರುತ್ತೇನೆ ತಾಯಿ ಎಂದು ಹರಕೆ ಹೊತ್ತವಳ ಊರಲ್ಲಿ ಆಸ್ಪತ್ರೆ ಇತ್ತೆ? ಒಂದು ರೂಢಿಯನ್ನು ಒಳಗಿನಿಂದ ಅರಿಯುವುದು ಬೇರೆ, ಅದನ್ನು ಉಳಿಸಿ ಎನ್ನುವುದು ಬೇರೆ. ಮೊದಲನೆಯದು ವಿಧಾನ. ಎರಡನೆಯದು ರಾಜಕೀಯ. ಅರಿತವನು ಒಪ್ಪಲೇಬೇಕೆಂದೇನಿಲ್ಲ. ಅರಿಯದೆ ಒದೆಯಲು ಹೋದವನು ಗೆಲ್ಲುವುದೂ ಇಲ್ಲ ಎಂದು ಚಂದ್ರಗುತ್ತಿ ಹೇಳುತ್ತದೆ.

1947ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ವಿಶ್ವಸಂಸ್ಥೆಗೆ ಒಂದು ಹೇಳಿಕೆ ಕಳಿಸಿ, ಒಂದು ಸಂಸ್ಕೃತಿಯ ಮೌಲ್ಯವನ್ನು ಎಲ್ಲ ಜನರ ಹಕ್ಕು ಎಂದು ಹೇರುವುದು ಸರಿಯೆ ಎಂದು ಅನುಮಾನಿಸಿತು. ಮರುವರ್ಷ, 1948ರ ನವೆಂಬರ್ 29ರಂದು, ಅದೇ ಅಮೆರಿಕದಲ್ಲಿ ಮಾನವಶಾಸ್ತ್ರ ಓದಿ ಬಂದ ಬಾಬಾಸಾಹೇಬರ ಕರಡಿನಂತೆ ನಮ್ಮ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿಗೆ ಒಪ್ಪಿಗೆ ಕೊಟ್ಟಿತು. ಅದೇ ಇಂದಿನ 17ನೇ ವಿಧಿ. ಅಸ್ಪೃಶ್ಯತೆಯೂ ಒಂದು 'ರೂಢಿ'ಯೇ, ಟೈಲರನ ವ್ಯಾಖ್ಯೆಯ ಒಳಗೇ ಇರುವಂಥದು. ಆದರೂ ಅದು ಸಾಯಬೇಕು ಎಂದು ತೀರ್ಮಾನಿಸಿದವರು ಅದನ್ನು ಒಳಗಿನಿಂದ ಉಂಡವರು. ಅಮೆರಿಕದ ಸಂಘ ತನ್ನ ನಿಲುವು ಬದಲಿಸಿ ಮಾನವ ಹಕ್ಕುಗಳ ಪರ ಘೋಷಣೆ ಹೊರಡಿಸಿದ್ದು 1999ರಲ್ಲಿ.

ಈಗ ನಮ್ಮವರೇ ಕೆಲವರು ಕೇಳುತ್ತಾರೆ. ಇಷ್ಟೆಲ್ಲ ಹೊಲಸು ಇರುವ ಶಾಸ್ತ್ರ ನಮಗ್ಯಾಕೆ, ಎತ್ತಿ ಬಿಸಾಕಿ. ನಾನು ಒಪ್ಪುವುದಿಲ್ಲ. ಬಿಸಾಕಿದರೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ, ಇಲ್ಲದಂತಾಗುವುದಿಲ್ಲ. ಯಾರು ಬುಡಕಟ್ಟಿನವರು ಎಂದು ತೀರ್ಮಾನಿಸಲು ಸರ್ಕಾರ ಇಟ್ಟುಕೊಂಡ ಅಳತೆ ಯಾವುದು? 1965ರ ಲೋಕೂರ್ ಸಮಿತಿಯದು. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ದೂರದ ಒಂಟಿ ಜಾಗದಲ್ಲಿ ವಾಸ, ಹೊರಗಿನವರ ಜೊತೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಒಬ್ಬ ಮಾನವಶಾಸ್ತ್ರಜ್ಞ ಬಂದು ಎರಡು ವಾರ ಇದ್ದು 'ಇವರಲ್ಲಿ ಸಂಕೋಚ ಸಾಲದು' ಎಂದು ಬರೆದರೆ ಒಂದು ಕುಲದ ಮಕ್ಕಳ ಸರ್ಟಿಫಿಕೇಟು ಹೋಗುತ್ತದೆ. ಆ ವರದಿಯನ್ನು ಓದಲು, ಅದರ ತಪ್ಪು ಹಿಡಿಯಲು, ಬೇರೆ ವರದಿ ಬರೆಯಲು ನಮ್ಮ ಮಕ್ಕಳಿಗೆ ಬರಬೇಕೋ ಬೇಡವೋ?

ಕೈ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟ ನೋಡಿ. 1974ರಲ್ಲಿ ಅಭಯಾರಣ್ಯ ಮಾಡಿ ಸೋಲಿಗರನ್ನು ಒಳಕಾಡಿನ ಪೋಡುಗಳಿಂದ ಎಬ್ಬಿಸಿದರು. ಮುಂದೆ ಸೋಲಿಗರು ತಮ್ಮ ದೇವರ ತಾಣ, ಕುಲದ ಎಲ್ಲೆ, ಹಳೇ ಪೋಡುಗಳ ಗುರುತನ್ನು ಸಂಶೋಧಕರ ಜೊತೆ ಕೂತು ನಕ್ಷೆ ಮಾಡಿಸಿದರು. ತಮ್ಮ ಸಂಸ್ಕೃತಿಯನ್ನು ತಾವೇ ದಾಖಲೆ ಮಾಡಿದರು. 2011ರಲ್ಲಿ ಅದೇ ಕಾಡು ಹುಲಿ ಮೀಸಲು ಎಂದಾದ ವರ್ಷವೇ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹೋರಾಟವೂ ಬೇಕಾಯಿತು, ಕಾನೂನೂ ಬೇಕಾಯಿತು, ದೇವರ ಕಲ್ಲು ಎಲ್ಲಿದೆ ಎಂದು ತೋರಿಸುವ ನಕ್ಷೆಯೂ ಕೆಲಸಕ್ಕೆ ಬಂತು.

ಹಾಗಾದರೆ ತರಗತಿಯಲ್ಲಿ ಏನು ಮಾಡಬೇಕು? ಹಳ್ಳಿಗಾಡಿನ ಕಾಲೇಜಿನ ಮೇಷ್ಟ್ರುಗಳೇ, ಮೇಡಂಗಳೇ, ಇದಕ್ಕೆ ದುಡ್ಡು ಬೇಕಿಲ್ಲ, ದೊಡ್ಡ ಲೈಬ್ರರಿಯೂ ಬೇಕಿಲ್ಲ.

ಮೊದಲನೇ ವಾರ 1916ರ ಪ್ರಬಂಧ ಓದಿಸಿ. ಓದಿಸಿ, ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನ ಮದುವೆಗಳ ವಂಶವೃಕ್ಷ ಬರೆಯಲಿ. ಬ್ರಾಹ್ಮಣ, ಲಿಂಗಾಯತ, ಒಕ್ಕಲಿಗರ ಮಕ್ಕಳೂ ಬರೆಯಲಿ. ನಮ್ಮ ಕೇರಿಯ ಮಕ್ಕಳೂ ಬರೆಯಲಿ. ನಮ್ಮಲ್ಲಿ ಹೊಲಗೇರಿಗೂ ಮಾದಿಗರ ಕೇರಿಗೂ ನಡುವೆ ಹೆಣ್ಣು ಕೊಟ್ಟು ತಂದದ್ದು ಎಷ್ಟಿದೆ ಎಂದು ಲೆಕ್ಕ ಹಾಕಲಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟ ಮೇಲೆ ಈ ಲೆಕ್ಕದಿಂದ ನಾವು ಕಣ್ಣು ತಪ್ಪಿಸುವ ಹಾಗಿಲ್ಲ.

ಎರಡನೆಯದು, ಕನ್ನಡಿಯನ್ನು ತಿರುಗಿಸಿ. 1956ರಲ್ಲಿ ಹೊರೇಸ್ ಮೈನರ್ ಎಂಬಾತ ನಸಿರೆಮಾ ಎಂಬ ವಿಚಿತ್ರ ಬುಡಕಟ್ಟಿನ ಬಗ್ಗೆ ಬರೆದ. ಅವರು ದಿನಾ ಬಾಯೊಳಗೆ ಹಂದಿ ಕೂದಲಿನ ಕಟ್ಟು ಆಡಿಸುತ್ತಾರೆ, ಗೋಡೆಯ ಪೆಟ್ಟಿಗೆಯಲ್ಲಿ ಮಂತ್ರದ ಮದ್ದು ಇಡುತ್ತಾರೆ ಎಂದ. ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಅಮೆರಿಕನ್! ಹಲ್ಲುಜ್ಜುವುದನ್ನೇ ಹಾಗೆ ಬರೆದಿದ್ದ. ನಮ್ಮ ಮಕ್ಕಳೂ ಹಾಗೆ ಬರೆಯಲಿ. 'ಈ ಬುಡಕಟ್ಟಿನ ಗಂಡಸರು ಎಡ ಹೆಗಲಿನಿಂದ ದಾರ ಇಳಿಬಿಡುತ್ತಾರೆ, ವರ್ಷಕ್ಕೊಮ್ಮೆ ಬದಲಿಸುತ್ತಾರೆ. ನಮ್ಮಲ್ಲಿ ಜಾತಿ ಇಲ್ಲ ಎಂದು ಪದೇ ಪದೇ ಹೇಳುವುದು ಇವರ ಒಂದು ಆಚರಣೆ. ಭಾನುವಾರದ ಪೇಪರಿನ ವಧೂವರರ ಕಾಲಮ್ಮಿನಲ್ಲಿ ಒಳಪಂಗಡ, ಗೋತ್ರ, ಸಂಬಳ ಮೂರನ್ನೂ ಅಚ್ಚು ಹಾಕಿಸುವುದು ಇನ್ನೊಂದು ಆಚರಣೆ.' ಇಷ್ಟು ದಿನ ಬರೆಸಿಕೊಂಡವರು ಈಗ ಬರೆಯಲಿ.

ಮೂರನೆಯದು ಕ್ಷೇತ್ರಕಾರ್ಯ. ಅಂಡಮಾನಿಗೆ ಹೋಗಬೇಕಿಲ್ಲ. ನಿಮ್ಮ ಊರಿನ ನಕ್ಷೆ ಬರೆಯಿರಿ. ಕೇರಿ ಊರಿನ ಯಾವ ದಿಕ್ಕಿಗಿದೆ? ಮೋರಿ ನೀರು ಎಲ್ಲಿಗೆ ಹರಿಯುತ್ತದೆ? ಹೋಟೆಲಿನಲ್ಲಿ ಎಷ್ಟು ಬಗೆಯ ಲೋಟ? ಕಟಿಂಗ್ ಶಾಪಿನಲ್ಲಿ ಯಾರ ತಲೆಗೆ ಕತ್ತರಿ ತಾಗುತ್ತದೆ? ಬಿಸಿಯೂಟಕ್ಕೆ ಅಡಿಗೆಯವಳು ಯಾರು, ಅವಳ ಕೈಯ ಅನ್ನ ಎಷ್ಟು ಮಕ್ಕಳು ಉಣ್ಣುತ್ತಾರೆ? ದನ ಸತ್ತರೆ ಯಾರನ್ನು ಕೂಗುತ್ತಾರೆ, ಬಹುವಚನದಲ್ಲೋ ಏಕವಚನದಲ್ಲೋ? ಇದನ್ನು ನೋಡಿ, ಕೇಳಿ, ಬರೆಯುವುದೇ ಮಾನವಶಾಸ್ತ್ರ.

ಒಂದು ಎಚ್ಚರ. ಕೇರಿಯ ಹುಡುಗಿಯನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ 'ನಿಮ್ಮಲ್ಲಿ ಹೇಗಮ್ಮ?' ಎಂದು ಕೇಳಬೇಡಿ. ಅವಳು ಕಲಿಯಲು ಬಂದವಳು, ಪ್ರದರ್ಶನಕ್ಕೆ ಬಂದವಳಲ್ಲ. ಅವಳಿಗೂ ಮೇಲ್ಜಾತಿಯ ಓಣಿಗೆ ಹೋಗಿ ಪ್ರಶ್ನೆ ಕೇಳುವ ಹಕ್ಕು ಇರಲಿ. ಅಲ್ಲಿ ಅವಳನ್ನು ಜಗಲಿ ಹತ್ತಿಸದಿದ್ದರೆ ಅದೇ ಮೊದಲನೇ ಟಿಪ್ಪಣಿ ಎಂದು ಬರೆದುಕೊಳ್ಳಲಿ, ಜೊತೆಗೆ ಮೇಷ್ಟ್ರು ಹೋಗಿರಲಿ. ಮಾತಾಡಿದವರ ಒಪ್ಪಿಗೆ ಇಲ್ಲದೆ ಹೆಸರು ಹಾಕಬೇಡಿ. ಬರೆದ ಪುಸ್ತಕ ವರ್ಷದ ಕೊನೆಗೆ ರದ್ದಿಗೆ ಹೋಗುವುದು ಬೇಡ. ಹೇಳಿದವರ ಮುಂದೆ ಕೂತು ಓದಿ ಹೇಳಿ. 'ಹಂಗಲ್ಲ ಕಣಪ್ಪ, ನಾನು ಹೇಳಿದ್ದು ಹಿಂಗೆ' ಎಂದು ತಿದ್ದುವ ಅಧಿಕಾರ ಅವರಿಗೆ ಕೊಡಿ. ರಿಸ್ಲೆ, ಥರ್ಸ್ಟನ್ನರ ಸಂಪುಟಗಳಲ್ಲಿ ಇಲ್ಲದ್ದು ಇದೇ.

ಅಂಥ ಬರಹಗಳು ನಿಮ್ಮ ಕಾಲೇಜುಗಳಲ್ಲಿ ತಯಾರಾದರೆ ಕಾಲೇಜು ಮ್ಯಾಗಜೀನಿಗೆ ಕಳಿಸಿ. ಅವರು ಹಾಕದಿದ್ದರೆ ಇಂಥ ಪತ್ರಿಕೆಗಳಿಗೆ ಕಳಿಸಿ. ಗ್ರಾಮ ಪಂಚಾಯ್ತಿ ಸಭೆಯಲ್ಲಿ ಓದಿ. ಮೂಗು ಅಳೆಸಿಕೊಂಡವರ ಮೊಮ್ಮಕ್ಕಳು ಊರು ಅಳೆಯಲು ಹೊರಟಿದ್ದಾರೆ ಎಂದು ಊರಿಗೂ ಗೊತ್ತಾಗಲಿ.